ನಾನು ಹೇಳಿದ ತಪ್ಪು ‘ಉತ್ತರ’



ಈ ತಿಂಗಳ ಸಂಚಿಕೆಗೆ ವಿಜ್ಞಾನದ ಬಗ್ಗೆ ಏನಾದರೂ ಬರೆದುಕೊಡು ಎಂದು ನಮ್ಮ ಕನ್ನಡ ಶಾಲೆಯ ಟೀಚರ್ ಹೇಳಿದಾಗ ನಾನು ಮೊದಲು ಕಪ್ಪು ಕುಳಿಗಳ ಬಗ್ಗೆ ಬರೆಯೋಣ ಅಂದುಕೊಂಡಿದ್ದೆ. ಆಮೇಲೆ ಅಮ್ಮ, “ನಿನ್ನ ತಾತನ ಸೋಲಾರ್ ಕಥೆ ಬರಿ, ಅದು ಹತ್ತು ಜನಕ್ಕೆ ಉಪಯೋಗಕ್ಕೆ ಬರುತ್ತೆ” ಅಂದರು. ನನಗೆ ಸ್ವಲ್ಪ ನಾಚಿಕೆ ಆಯಿತು. ಯಾಕೆಂದರೆ ಆ ಕಥೆಯಲ್ಲಿ ತಪ್ಪು ಮಾಡಿದವಳು ನಾನೇ. ಆದರೂ ಬರೆಯುತ್ತಿದ್ದೇನೆ. ನಮ್ಮ ಶಾಲೆಯ ಸುಮಾರು ಎಲ್ಲರ ಮನೆಯಲ್ಲೂ ಊರಿನಿಂದ ಫೋನ್ ಬರುತ್ತದೆ, “ನಿಮ್ಮ ಕಡೆ ಹೇಗೆ ಮಾಡ್ತಾರೆ?” ಎಂದು ಊರಿನವರು ಕೇಳುತ್ತಾರೆ. ನಾವೂ ಹಿಂದೆ ಮುಂದೆ ನೋಡದೆ ಉತ್ತರ ಕೊಡುತ್ತೇವೆ.

ತಾತನ ಫೋನ್

ನನ್ನ ತಾತನ ಊರು ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನ ಹತ್ತಿರ ಒಂದು ಹಳ್ಳಿ. ಊರಿನಿಂದ ಸ್ವಲ್ಪ ದೂರದಲ್ಲಿ ತೋಟದ ಮನೆ ಇದೆ. ತೆಂಗು, ಅಡಿಕೆ, ಒಂದೆರಡು ಹಸು. ತಾತ ವಾರದಲ್ಲಿ ನಾಲ್ಕೈದು ರಾತ್ರಿ ಅಲ್ಲೇ ಮಲಗುತ್ತಾರೆ. ಅಲ್ಲಿ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಹೇಳುವುದು ಕಷ್ಟ. ಹಾವು, ಚೇಳು ಓಡಾಡುವ ಜಾಗ ಬೇರೆ. ಅದಕ್ಕೆ ತಾತ ಹೋದ ವರ್ಷ ಎರಡು ಸಣ್ಣ ಸೋಲಾರ್ ಪ್ಯಾನೆಲ್, ಒಂದು ಬ್ಯಾಟರಿ ತಂದು ನಾಲ್ಕು ಲೈಟು, ಒಂದು ಫ್ಯಾನು, ಒಂದು ಟಿವಿ ನಡೆಯುವಂತೆ ಮಾಡಿಸಲು ಹೊರಟರು.

ಏಪ್ರಿಲ್ ತಿಂಗಳ ಒಂದು ಭಾನುವಾರ ಅವರ ವಿಡಿಯೋ ಕಾಲ್ ಬಂತು. “ಪುಟ್ಟಿ, ನಿಮ್ಮನೆ ಮೇಲೆ ಸೋಲಾರ್ ಹಾಕ್ಸಿದೀರಲ್ಲ, ಯಾವ ಕಡೆಗೆ ಮುಖ ಮಾಡಿ ಇಟ್ಟಿದಾರೆ?” ಎಂದು ಕೇಳಿದರು.

“ಉತ್ತರಕ್ಕೆ, ತಾತ. ಸುಮಾರು 30 ಡಿಗ್ರಿ ಓರೆ” ಅಂದೆ.

ನಾನು ಸುಳ್ಳು ಹೇಳಲಿಲ್ಲ. ನಾವಿರುವುದು ಸಿಡ್ನಿಯಲ್ಲಿ. ಇಲ್ಲಿ ಪ್ಯಾನೆಲ್ ಹಾಕುವವರು ಮೊದಲು ನೋಡುವುದೇ ಮನೆಯ ಉತ್ತರದ ಇಳಿಜಾರು ಎಷ್ಟು ದೊಡ್ಡದಿದೆ ಎಂದು. ತಾತ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದರು. ಅದನ್ನು ತೋಟದ ಮನೆಯ ಪಕ್ಕ ಸಿಮೆಂಟ್ ಹಾಕಿ ನಿಲ್ಲಿಸಿದರು. ವೈರು ಎಳೆಯಲು ಬಂದ ಹುಡುಗ, “ಯಜಮಾನ್ರೇ, ಎಲ್ಲರೂ ದಕ್ಷಿಣಕ್ಕೆ ಇಡ್ತಾರೆ” ಎಂದು ಹೇಳಿದನಂತೆ. ತಾತ ಒಪ್ಪಲಿಲ್ಲ. “ಆಸ್ಟ್ರೇಲಿಯಾದಲ್ಲಿ ಮೂರು ಮನೆಗೆ ಒಂದು ಮನೆ ಮೇಲೆ ಸೋಲಾರ್ ಐತೆ. ನನ್ನ ಮೊಮ್ಮಗಳು ಹೇಳಿದಾಳೆ” ಎಂದು ಅವನ ಬಾಯಿ ಮುಚ್ಚಿಸಿದರಂತೆ.

ಮೇ ತಿಂಗಳಲ್ಲಿ ಎಲ್ಲ ಚೆನ್ನಾಗಿ ನಡೆಯಿತು. ತಾತ ರಾತ್ರಿ ಲೈಟಿನ ಕೆಳಗೆ ಕೂತು ಫೋಟೋ ಕಳಿಸಿದರು. ನಾನು ಅದನ್ನು ನನ್ನ ಸ್ನೇಹಿತರಿಗೆಲ್ಲ ತೋರಿಸಿದೆ. ಅಕ್ಟೋಬರ್ ಕಳೆಯುತ್ತಿದ್ದಂತೆ ಲೈಟು ಮಂಕಾಗತೊಡಗಿತು. ನವೆಂಬರಿನಲ್ಲಿ ರಾತ್ರಿ ಒಂಬತ್ತಕ್ಕೆಲ್ಲ ಕತ್ತಲೆ. ಬ್ಯಾಟರಿ ಹೋಗಿದೆ ಎಂದುಕೊಂಡು ತಾತ ಅಡಿಕೆ ಮಾರಿದ ದುಡ್ಡಿನಲ್ಲಿ ಹೊಸ ಬ್ಯಾಟರಿ ತಂದರು. ಹದಿನೈದು ದಿನದಲ್ಲಿ ಅದೂ ಹಾಗೇ ಆಯಿತು. ನಮಗೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಪುಟ್ಟಿಗೆ ಬೇಜಾರಾಗುತ್ತದೆ ಎಂದು ಅಜ್ಜಿಯ ಹತ್ತಿರ ಅಂದಿದ್ದರಂತೆ.

ಡಿಸೆಂಬರಿನ ನೆರಳು

ಡಿಸೆಂಬರ್ ರಜೆಗೆ ನಾವು ಊರಿಗೆ ಹೋದೆವು. ಮಧ್ಯಾಹ್ನ ಹನ್ನೆರಡೂಕಾಲಿಗೆ ತೋಟದಲ್ಲಿ ನಿಂತಿದ್ದೆ. ನನ್ನ ನೆರಳು ಕಾಲಿನ ಮುಂದೆ ಬಿದ್ದಿತ್ತು. ಯಾವುದೋ ಒಂದು ತಪ್ಪಾಗಿದೆ ಅನಿಸಿತು, ಏನು ಎಂದು ತಕ್ಷಣ ತಿಳಿಯಲಿಲ್ಲ. ಸಿಡ್ನಿಯಲ್ಲಿ ನಡುಹಗಲಿನ ನೆರಳು ಯಾವತ್ತೂ ದಕ್ಷಿಣಕ್ಕೆ ಬೀಳುತ್ತದೆ. ಇಲ್ಲಿ ನನ್ನ ನೆರಳು ಉತ್ತರಕ್ಕೆ ಬಿದ್ದಿತ್ತು. ಅಂದರೆ ಸೂರ್ಯ ದಕ್ಷಿಣದಲ್ಲಿದ್ದ. ತಿರುಗಿ ನೋಡಿದರೆ ತಾತನ ಪ್ಯಾನೆಲ್‌ಗಳು ಸೂರ್ಯನಿಗೆ ಬೆನ್ನು ತಿರುಗಿಸಿ ಕೂತಿದ್ದವು.

ನನಗೆ ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಾಯಿತು. ಭೂಮಧ್ಯರೇಖೆಯ ಉತ್ತರಕ್ಕೆ ಹಿರಿಯೂರು ಇದೆ, ದಕ್ಷಿಣಕ್ಕೆ ಸಿಡ್ನಿ ಇದೆ. ಇದನ್ನು ನಾನು ಐದನೇ ತರಗತಿಯಲ್ಲೇ ಕಲಿತಿದ್ದೆ. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದೆ. ಫೋನಿನಲ್ಲಿ ತಾತ ಕೇಳಿದಾಗ ಮಾತ್ರ ನೆನಪಿಗೆ ಬರಲಿಲ್ಲ.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ನೀವೂ ಹಾಕಿ ನೋಡಬಹುದು, ಹತ್ತನೇ ತರಗತಿಯ ಗಣಿತ ಸಾಕು. ಬಿಸಿಲು ಪ್ಯಾನೆಲ್ ಮೇಲೆ ಲಂಬವಾಗಿ ಬಿದ್ದರೆ ಸಿಗುವುದನ್ನು 100 ಎಂದುಕೊಳ್ಳಿ. ಓರೆಯಾಗಿ ಬಿದ್ದರೆ ಆ ಕೋನದ ಕೊಸೈನ್‌ನಷ್ಟು ಮಾತ್ರ ಸಿಗುತ್ತದೆ. ಹಿರಿಯೂರು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ಹೊತ್ತಿಗೆ ಸೂರ್ಯ 23.4 ಡಿಗ್ರಿ ದಕ್ಷಿಣದಲ್ಲಿರುತ್ತಾನೆ. ಎರಡನ್ನೂ ಕೂಡಿದರೆ, ಅಲ್ಲಿ ನಡುಹಗಲಿನಲ್ಲಿ ಸೂರ್ಯ ನೆತ್ತಿಯಿಂದ ಸುಮಾರು 37 ಡಿಗ್ರಿ ದಕ್ಷಿಣಕ್ಕೆ ಇರುತ್ತಾನೆ. ತಾತನ ಪ್ಯಾನೆಲ್ ಉತ್ತರಕ್ಕೆ 30 ಡಿಗ್ರಿ ವಾಲಿತ್ತು. 37 ಮತ್ತು 30 ಸೇರಿ 67 ಡಿಗ್ರಿ. ಅದರ ಕೊಸೈನ್ ಸುಮಾರು 0.39. ಅಂದರೆ 100ಕ್ಕೆ 39. ಅದೇ ಪ್ಯಾನೆಲ್ ದಕ್ಷಿಣಕ್ಕೆ 15 ಡಿಗ್ರಿ ವಾಲಿದ್ದರೆ ಕೋನ ಬರೀ 22 ಡಿಗ್ರಿ, ಸಿಗುತ್ತಿದ್ದುದು 100ಕ್ಕೆ ಸುಮಾರು 92.

ಹಾಗಾದರೆ ಮೇ ತಿಂಗಳಲ್ಲಿ ಹೇಗೆ ಚೆನ್ನಾಗಿ ನಡೆಯಿತು? ಕರ್ನಾಟಕ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿದೆ. ಹಾಗಾಗಿ ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸಿನಲ್ಲಿ ‘ಶೂನ್ಯ ನೆರಳಿನ ದಿನ’ ಎಂದು ಶಾಲೆಯ ಮಕ್ಕಳು ಕೋಲು ನಿಲ್ಲಿಸಿ ನೋಡುತ್ತಾರಲ್ಲ, ಅದೇ. ಅಲ್ಲಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ನನ್ನ ತಪ್ಪು ಅಷ್ಟು ದಿನ ಬಚ್ಚಿಟ್ಟುಕೊಂಡಿತ್ತು. ಚಳಿಗಾಲ ಬಂದಾಗ ಹೊರಗೆ ಬಂತು. ಅರ್ಧ ಮಾತ್ರ ತುಂಬಿ ಪೂರ್ತಿ ಖಾಲಿಯಾಗುವುದನ್ನು ದಿನಾ ಮಾಡಿದರೆ ಸೀಸದ ಬ್ಯಾಟರಿ ಬೇಗ ಹಾಳಾಗುತ್ತದೆ. ತಾತನ ಮೊದಲ ಬ್ಯಾಟರಿ ಹಾಳಾಗಿದ್ದು ಹಾಗೆ.

ಬೆಳಿಗ್ಗೆ ತಾತನಿಗೆ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಬಿಸಿಲಿಗೆ ಮುಖ ಮಾಡಿ ಇಡಿ ಅಂತ ಹೇಳಿದ್ದಿದ್ರೆ ಸಾಕಿತ್ತಲ್ಲ ಪುಟ್ಟಿ. ಬಿಸಿಲು ಎಲ್ಲಿ ಬರುತ್ತೆ ಅಂತ ನನಗೆ ಗೊತ್ತಿರಲಿಲ್ವಾ?” ಅಂದರು. ಆಮೇಲೆ ವೈರಿನ ಹುಡುಗನಿಗೆ ತಾವೇ ಫೋನ್ ಮಾಡಿ, “ನೀನು ಹೇಳಿದ್ದೇ ಸರಿ ಕಣಪ್ಪಾ” ಎಂದು ಒಪ್ಪಿಕೊಂಡರು. ಸ್ಟ್ಯಾಂಡ್ ಕತ್ತರಿಸಿ, ತಿರುಗಿಸಿ ಮತ್ತೆ ವೆಲ್ಡ್ ಮಾಡಿಸಿದೆವು.

ಈ ವಿದ್ಯೆ ಎಲ್ಲಿಂದ ಎಲ್ಲಿಗೆ ಬಂತು?

ಸಿಡ್ನಿಗೆ ವಾಪಸ್ ಬಂದ ಮೇಲೆ ನನಗೆ ಒಂದು ಪ್ರಶ್ನೆ ಕಾಡತೊಡಗಿತು. ನಾನು ಒಂದು ವಾಕ್ಯ ದೇಶ ದಾಟಿಸಿದ್ದಕ್ಕೇ ಇಷ್ಟು ತೊಂದರೆ ಆಯಿತು. ಹಾಗಾದರೆ ಜಗತ್ತಿನ ದೇಶಗಳು ಸೋಲಾರ್ ಬಗ್ಗೆ ಒಬ್ಬರಿಂದ ಒಬ್ಬರು ಹೇಗೆ ಕಲಿಯುತ್ತವೆ? ಓದುತ್ತಾ ಹೋದಂತೆ ಗೊತ್ತಾಯಿತು, ಸೋಲಾರ್ ಕಥೆಯೇ ದೇಶ ದಾಟಿದ ಕಥೆ.

1839ರಲ್ಲಿ ಫ್ರಾನ್ಸ್‌ನ ಎಡ್ಮಂಡ್ ಬೆಕರೆಲ್ ಬೆಳಕಿನಿಂದ ವಿದ್ಯುತ್ ಹುಟ್ಟುವುದನ್ನು ಮೊದಲು ಗಮನಿಸಿದರು. ಆಗ ಅವರಿಗೆ 19 ವರ್ಷ, ನನಗಿಂತ ಮೂರೇ ವರ್ಷ ದೊಡ್ಡವರು. 1880ರ ದಶಕದಲ್ಲಿ ನ್ಯೂಯಾರ್ಕ್‌ನ ಚಾರ್ಲ್ಸ್ ಫ್ರಿಟ್ಸ್ ಸೆಲೆನಿಯಂನಿಂದ ಪ್ಯಾನೆಲ್ ಮಾಡಿದರು. ಅದು ಬಿಸಿಲಿನ ಶಕ್ತಿಯಲ್ಲಿ ಶೇಕಡ ಒಂದರಷ್ಟನ್ನು ವಿದ್ಯುತ್ ಮಾಡುತ್ತಿತ್ತು, ಅದೂ ಕಷ್ಟದಿಂದ. ಬೆಂಕಿ ಇಲ್ಲ, ಉಗಿ ಇಲ್ಲ, ಕರೆಂಟು ಹೇಗೆ ಬರುತ್ತದೆ ಎಂದು ಬಹಳ ಜನ ನಂಬಲಿಲ್ಲ. ಫ್ರಿಟ್ಸ್ ತಮ್ಮ ಪ್ಯಾನೆಲ್ ಅನ್ನು ಜರ್ಮನಿಯ ವರ್ನರ್ ಸೀಮೆನ್ಸ್ ಅವರಿಗೆ ಕಳಿಸಿದರು. ಸೀಮೆನ್ಸ್ ಅದನ್ನು ಪರೀಕ್ಷೆ ಮಾಡಿ ಬರ್ಲಿನ್‌ನ ವಿಜ್ಞಾನ ಅಕಾಡೆಮಿಯ ಮುಂದಿಟ್ಟು, ಇದು ನಿಜ ಎಂದು ಹೇಳಿದರು. ಆದರೆ ಯಾಕೆ ಹೀಗಾಗುತ್ತದೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಬೆಳಕು ಸಣ್ಣ ಸಣ್ಣ ಕಣಗಳಂತೆ ಬಂದು ಎಲೆಕ್ಟ್ರಾನ್‌ಗಳನ್ನು ಎಬ್ಬಿಸುತ್ತದೆ ಎಂಬ ವಿವರಣೆಯನ್ನು 1905ರಲ್ಲಿ ಐನ್‌ಸ್ಟೈನ್ ಕೊಟ್ಟರು. ಅದಕ್ಕೇ ಅವರಿಗೆ ನೊಬೆಲ್ ಬಂದಿದ್ದು.

ಇವತ್ತಿನ ಪ್ಯಾನೆಲ್‌ನ ಅಜ್ಜ ಹುಟ್ಟಿದ್ದು 1954ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಡ್ಯಾರಿಲ್ ಚಾಪಿನ್, ಕ್ಯಾಲ್ವಿನ್ ಫುಲ್ಲರ್, ಜೆರಾಲ್ಡ್ ಪಿಯರ್ಸನ್ ಎಂಬ ಮೂವರು ಸಿಲಿಕಾನ್‌ನಿಂದ ಮಾಡಿದ ಕೋಶ ಅದು. ದಕ್ಷತೆ ಸುಮಾರು ಶೇಕಡ 6. ಇಲ್ಲಿ ನನಗೆ ತಾತ ನೆನಪಾದರು. ಬಿಸಿ ಮತ್ತು ತೇವ ಹೆಚ್ಚಿರುವ ದೂರದ ಊರುಗಳ ಟೆಲಿಫೋನ್ ಸಾಧನಗಳಲ್ಲಿ ಬ್ಯಾಟರಿಗಳು ಬೇಗ ಹಾಳಾಗುತ್ತಿದ್ದವು. ಅದಕ್ಕೆ ಪರಿಹಾರ ಹುಡುಕುವುದೇ ಚಾಪಿನ್ ಅವರ ಕೆಲಸವಾಗಿತ್ತು. ಅಂದರೆ ಸೋಲಾರ್ ಕೋಶ ಹುಟ್ಟಿದ್ದೂ ಒಂದು ಹಾಳಾದ ಬ್ಯಾಟರಿಯ ಕಾರಣದಿಂದಲೇ! 1958ರಲ್ಲಿ ಅದು ವ್ಯಾನ್‌ಗಾರ್ಡ್ 1 ಉಪಗ್ರಹದ ಜೊತೆ ಬಾಹ್ಯಾಕಾಶಕ್ಕೆ ಹೋಯಿತು.

ನಮ್ಮ ಸಿಡ್ನಿಯ ಪಾಲು

ಸಿಡ್ನಿಯಲ್ಲಿರುವ ಮಕ್ಕಳಿಗೆ ಇದನ್ನು ಹೇಳಲೇಬೇಕು. ಬಸ್ಸಿನಲ್ಲಿ ಹೋಗುವಾಗ ನಾವು ನೋಡುವ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗ್ರೀನ್ ಎಂಬ ಪ್ರಾಧ್ಯಾಪಕರು 1970ರ ದಶಕದಿಂದ ಸಿಲಿಕಾನ್ ಕೋಶಗಳ ಮೇಲೆ ಕೆಲಸ ಮಾಡುತ್ತಾ ಬಂದಿದ್ದಾರೆ. 1985ರಲ್ಲಿ ಅವರ ತಂಡದ ಕೋಶ ಶೇಕಡ 20 ದಕ್ಷತೆ ಮುಟ್ಟಿತು. ಕೋಶದ ಹಿಂಬದಿಗೆ ತೆಳುವಾದ ಪದರ ಕೊಟ್ಟು, ಹಿಡಿಯದೆ ತಪ್ಪಿಸಿಕೊಂಡ ಬೆಳಕನ್ನು ಮತ್ತೆ ಒಳಗೆ ತಿರುಗಿಸುವ ‘ಪರ್ಕ್’ ಎಂಬ ವಿನ್ಯಾಸವನ್ನೂ ಆ ತಂಡವೇ ಬೆಳೆಸಿತು. 2023ರಲ್ಲಿ ಇದಕ್ಕಾಗಿ ಮಾರ್ಟಿನ್ ಗ್ರೀನ್, ಆಂಡ್ರ್ಯೂ ಬ್ಲೇಕರ್ಸ್, ಜಿಯಾನ್‌ಹುವಾ ಝಾವೊ, ಐಹುವಾ ವಾಂಗ್ ಈ ನಾಲ್ವರಿಗೆ ಕ್ವೀನ್ ಎಲಿಜಬೆತ್ ಎಂಜಿನಿಯರಿಂಗ್ ಪ್ರಶಸ್ತಿ ಬಂತು.

ಗ್ರೀನ್ ಅವರ ಬಳಿ ಓದಲು ಚೀನಾದಿಂದ ಬಂದವರಲ್ಲಿ ಶಿ ಝೆಂಗ್‌ರಾಂಗ್ ಒಬ್ಬರು. ಡಾಕ್ಟರೇಟ್ ಮುಗಿಸಿ, ಕೆಲವು ವರ್ಷ ಇಲ್ಲೇ ಕೆಲಸ ಮಾಡಿ, 2001ರಲ್ಲಿ ಚೀನಾದ ವೂಶಿ ನಗರದಲ್ಲಿ ಪ್ಯಾನೆಲ್ ಕಾರ್ಖಾನೆ ಶುರುಮಾಡಿದರು. ಅದರ ಹಿಂದಿನ ವರ್ಷ, 2000ದಲ್ಲಿ, ಜರ್ಮನಿ ಒಂದು ಕಾನೂನು ತಂದಿತ್ತು. ಮನೆಯ ಮೇಲೆ ಸೋಲಾರ್ ಹಾಕಿ ಗ್ರಿಡ್‌ಗೆ ಕರೆಂಟು ಕೊಟ್ಟವರಿಗೆ 20 ವರ್ಷ ನಿಗದಿಯಾದ ಬೆಲೆ ಎಂದು. ಜರ್ಮನಿಯವರು ಕೊಂಡರು, ಚೀನಾದವರು ಮಾಡಿದರು, ಆಸ್ಟ್ರೇಲಿಯಾದ ಪ್ರಯೋಗಾಲಯದ ವಿದ್ಯೆ ನಡುವೆ ಹರಿಯಿತು, ಮೂಲ ಕೋಶ ಅಮೆರಿಕದ್ದು. 1970ರ ದಶಕದಲ್ಲಿ ಒಂದು ವ್ಯಾಟ್‌ಗೆ ಹತ್ತಾರು ಡಾಲರ್ ಇದ್ದ ಪ್ಯಾನೆಲ್ ಬೆಲೆ ಈಗ ಅರ್ಧ ಡಾಲರಿಗಿಂತ ಕಡಿಮೆ. ಯಾವುದೇ ಒಂದು ದೇಶ ತನ್ನ ವಿದ್ಯೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರೆ ನನ್ನ ತಾತ ಎರಡು ಪ್ಯಾನೆಲ್ ಕೊಳ್ಳಲು ಆಗುತ್ತಿರಲಿಲ್ಲ. ಇವತ್ತು ಆಸ್ಟ್ರೇಲಿಯಾದಲ್ಲಿ 40 ಲಕ್ಷಕ್ಕೂ ಹೆಚ್ಚು ಚಾವಣಿಗಳ ಮೇಲೆ ಸೋಲಾರ್ ಇದೆ.

ಒಂದು ವ್ಯಾಟ್ ಎಂದರೆ ಎಲ್ಲ ಕಡೆಯೂ ಒಂದೇ

ಮಾಹಿತಿ ಹಂಚಿಕೊಳ್ಳಬೇಕಾದರೆ ಮೊದಲು ಅಳತೆ ಒಂದೇ ಇರಬೇಕು. ಒಬ್ಬರ ಸೇರು ಇನ್ನೊಬ್ಬರ ಪಾವು ಆದರೆ ವ್ಯಾಪಾರ ನಡೆಯುವುದಿಲ್ಲ. ಪ್ಯಾನೆಲ್ ಹಿಂದೆ ‘100 ವ್ಯಾಟ್’ ಎಂದು ಬರೆದಿದ್ದರೆ, ಚದರ ಮೀಟರಿಗೆ 1000 ವ್ಯಾಟ್ ಬಿಸಿಲು ಬಿದ್ದಾಗ, ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ ಅಷ್ಟು ಬರುತ್ತದೆ ಎಂದರ್ಥ. ಇದು ಜಗತ್ತಿಗೆಲ್ಲ ಒಂದೇ ಷರತ್ತು. ಪ್ಯಾನೆಲ್ ಗಟ್ಟಿಯಾಗಿದೆಯೇ ಎಂದು ನೋಡುವ ಪರೀಕ್ಷೆಗಳೂ ಅಂತರರಾಷ್ಟ್ರೀಯವೇ. 25 ಮಿಲಿಮೀಟರ್ ದಪ್ಪದ ಮಂಜುಗಡ್ಡೆಯ ಉಂಡೆಯನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಹೊಡೆಯುತ್ತಾರೆ, ಆಲಿಕಲ್ಲು ಬಿದ್ದ ಹಾಗೆ. 85 ಡಿಗ್ರಿ ಬಿಸಿ, ಶೇಕಡ 85 ತೇವದಲ್ಲಿ 1000 ಗಂಟೆ ಇಡುತ್ತಾರೆ.

ಆದರೆ ಹಿರಿಯೂರಿನ ಏಪ್ರಿಲ್ ಮಧ್ಯಾಹ್ನ ಕೋಶ 25 ಡಿಗ್ರಿ ಇರುತ್ತದೆಯೇ? ಸುಲಭವಾಗಿ 60 ದಾಟುತ್ತದೆ. ಸಿಲಿಕಾನ್ ಕೋಶ ಒಂದೊಂದು ಡಿಗ್ರಿ ಬಿಸಿಯಾದಾಗಲೂ ಶೇಕಡ 0.3ರಿಂದ 0.4ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 35 ಡಿಗ್ರಿ ಹೆಚ್ಚಾದರೆ ಶೇಕಡ 10ಕ್ಕಿಂತ ಹೆಚ್ಚು ಹೋಯಿತು. ಸೋಲಾರ್‌ಗೆ ಬೇಕಾಗಿರುವುದು ಬೆಳಕು, ಬಿಸಿ ಅಲ್ಲ. ಅದಕ್ಕೇ ಪ್ಯಾನೆಲ್ ಕೆಳಗೆ ಗಾಳಿ ಆಡಲು ಜಾಗ ಬಿಡಬೇಕು.

ಅಳತೆ ಒಂದೇ ಆದರೂ ಊರು ಬೇರೆ ಬೇರೆ. ಹಿಮ ಬೀಳುವ ದೇಶದಲ್ಲಿ ಹಿಮ ಜಾರಿ ಹೋಗಲಿ ಎಂದು ಪ್ಯಾನೆಲ್ ಹೆಚ್ಚು ಓರೆಯಾಗಿ ಇಡುತ್ತಾರೆ. ಮರಳುಗಾಡಿನಲ್ಲಿ ಧೂಳಿನದೇ ಚಿಂತೆ. ಸಮುದ್ರದ ಪಕ್ಕ ಉಪ್ಪುಗಾಳಿ. ಇದನ್ನೆಲ್ಲ ಒಟ್ಟಿಗೆ ಕೂತು ಮಾತಾಡಲು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಆಶ್ರಯದಲ್ಲಿ 1993ರಲ್ಲಿ ದ್ಯುತಿವಿದ್ಯುತ್ ವ್ಯವಸ್ಥೆಗಳ ಕಾರ್ಯಕ್ರಮ ಒಂದು ಶುರುವಾಯಿತು. ಆಸ್ಟ್ರೇಲಿಯಾವೂ ಅದರಲ್ಲಿದೆ. ಸದಸ್ಯ ದೇಶಗಳು ತಮ್ಮಲ್ಲಿ ಎಷ್ಟು ಸೋಲಾರ್ ಹಾಕಿದರು, ಬೆಲೆ ಎಷ್ಟು, ಸರ್ಕಾರದ ನಿಯಮ ಏನು ಎಂದು ವರದಿ ಬರೆಯುತ್ತವೆ. ಇನ್ನೊಂದು ಗುಂಪು ಪ್ಯಾನೆಲ್‌ಗಳು ಎಲ್ಲಿ, ಯಾಕೆ ಕೆಡುತ್ತವೆ ಎಂಬುದನ್ನೇ ಅಧ್ಯಯನ ಮಾಡುತ್ತದೆ. ಇದನ್ನು ಓದಿದಾಗ ನನಗೆ ಸಮಾಧಾನವಾಯಿತು. ದೊಡ್ಡ ದೊಡ್ಡ ದೇಶಗಳೂ ತಮ್ಮ ತಪ್ಪುಗಳನ್ನು ಬರೆದು ಇನ್ನೊಬ್ಬರಿಗೆ ಕೊಡುತ್ತವೆ. ನಾನು ಒಂದು ಲೇಖನ ಬರೆದರೆ ತಪ್ಪೇನು!

2015ರಲ್ಲಿ ಪ್ಯಾರಿಸ್‌ನ ಹವಾಮಾನ ಸಮ್ಮೇಳನದಲ್ಲಿ ಭಾರತ ಮತ್ತು ಫ್ರಾನ್ಸ್ ಸೇರಿ ಅಂತರರಾಷ್ಟ್ರೀಯ ಸೌರ ಒಕ್ಕೂಟವನ್ನು ಘೋಷಿಸಿದವು. ಮೊದಲು ಅದು ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ, ಅಂದರೆ ಸೂರ್ಯ ನೆತ್ತಿಗೆ ಬರುವ ದೇಶಗಳಿಗಾಗಿ ಇತ್ತು. ಆಮೇಲೆ ಎಲ್ಲರಿಗೂ ಬಾಗಿಲು ತೆರೆಯಿತು. ಅದರ ಕೇಂದ್ರ ಕಚೇರಿ ಭಾರತದಲ್ಲಿದೆ.

ಭಾಷೆ ಬಾರದಿದ್ದರೂ ಕಲಿತವರು

ಓದುವಾಗ ನನಗೆ ತುಂಬಾ ಇಷ್ಟವಾದ ಎರಡು ವಿಷಯ ಹೇಳುತ್ತೇನೆ.

ಮೊದಲನೆಯದು ರಾಜಸ್ಥಾನದ ತಿಲೋನಿಯಾ ಹಳ್ಳಿಯ ಬೇರ್‌ಫುಟ್ ಕಾಲೇಜು. ಬಂಕರ್ ರಾಯ್ ಅವರು 1972ರಲ್ಲಿ ಶುರುಮಾಡಿದ್ದು. ಆಫ್ರಿಕಾ, ಏಷ್ಯಾ, ದಕ್ಷಿಣ ಅಮೆರಿಕದ ಹಳ್ಳಿಗಳಿಂದ ಹೆಂಗಸರು, ಅದರಲ್ಲೂ ಎಷ್ಟೋ ಜನ ಅಜ್ಜಿಯರು, ಇಲ್ಲಿಗೆ ಬಂದು ಸುಮಾರು ಆರು ತಿಂಗಳಲ್ಲಿ ಸೋಲಾರ್ ಲೈಟು ಜೋಡಿಸುವುದು, ರಿಪೇರಿ ಮಾಡುವುದು ಕಲಿತು ಹೋಗಿದ್ದಾರೆ. ಬಹಳ ಜನರಿಗೆ ಓದು ಬರಹ ಬರುತ್ತಿರಲಿಲ್ಲ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಬಣ್ಣದ ಗುರುತು, ಕೈಸನ್ನೆ, ಮಾಡಿ ತೋರಿಸುವುದು, ಅಷ್ಟೇ. ನನಗೂ ತಾತನಿಗೂ ಒಂದೇ ಭಾಷೆ ಇತ್ತು, ಆದರೂ ನಾನು ತಪ್ಪು ಮಾಡಿದೆ. ಅವರು ಪಕ್ಕದಲ್ಲೇ ಕೂತು ಕೈಯಾರೆ ಮಾಡಿ ಕಲಿತರು, ನಾನು ಫೋನಿನಲ್ಲಿ ಒಂದು ಸಾಲು ಹೇಳಿ ಮುಗಿಸಿದೆ. ಆ ವ್ಯತ್ಯಾಸ ದೊಡ್ಡದು.

ಎರಡನೆಯದು ನಮ್ಮ ಕರ್ನಾಟಕದ್ದು. ಹರೀಶ್ ಹಂದೆ ಅವರು ಅಮೆರಿಕದಲ್ಲಿ ಓದುತ್ತಿದ್ದಾಗ ಡೊಮಿನಿಕನ್ ಗಣರಾಜ್ಯಕ್ಕೆ ಹೋಗಿದ್ದರು. ಅಲ್ಲಿನ ಬಡವರು ಸೋಲಾರ್ ಲೈಟಿಗೆ ದುಡ್ಡು ಕೊಟ್ಟು ಬಳಸುತ್ತಿದ್ದುದನ್ನು ನೋಡಿ, ಇದು ನಮ್ಮ ಊರಲ್ಲೂ ಆಗಬಹುದಲ್ಲ ಎನಿಸಿತು. ಆದರೆ ಅಲ್ಲಿ ಕಂಡದ್ದನ್ನು ಹಾಗೇ ತಂದು ಇಲ್ಲಿ ನೆಡಲಿಲ್ಲ. ಶ್ರೀಲಂಕಾ ಮತ್ತು ಭಾರತದ ಹಳ್ಳಿಗಳಲ್ಲಿ ಇದ್ದು, ಜನರಿಗೆ ಏನು ಬೇಕು, ದುಡ್ಡು ಯಾವಾಗ ಬರುತ್ತದೆ, ಕಂತು ಹೇಗೆ ಕಟ್ಟಬಲ್ಲರು ಎಂದು ನೋಡಿದರು. 1995ರಲ್ಲಿ ಸೆಲ್ಕೋ ಸಂಸ್ಥೆ ಶುರುವಾಯಿತು. ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸಿ ಮನೆಗಳಿಗೆ ಲೈಟು ಹಾಕಿದರು. 2011ರಲ್ಲಿ ಹಂದೆ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಾನು ಮಾಡದೇ ಹೋದದ್ದು ಇದನ್ನೇ. ಸಿಡ್ನಿಯದನ್ನು ಹಾಗೇ ಎತ್ತಿ ಹಿರಿಯೂರಿನಲ್ಲಿ ಇಟ್ಟೆ.

ಪಾವಗಡದಲ್ಲಿ ನೋಡಿದ್ದು

ಸ್ಟ್ಯಾಂಡ್ ಸರಿಯಾದ ಮೇಲೆ ತಾತ ನಮ್ಮನ್ನು ತುಮಕೂರು ಜಿಲ್ಲೆಯ ಪಾವಗಡಕ್ಕೆ ಕರೆದುಕೊಂಡು ಹೋದರು. “ನಿನ್ನ ಮನಸ್ಸು ಸರಿಹೋಗ್ಲಿ, ಬಾ” ಅಂದರು. ತಿರುಮಣಿ ಸುತ್ತಮುತ್ತ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಅಲ್ಲಿ ಸೋಲಾರ್ ಪಾರ್ಕ್ ಇದೆ. 2050 ಮೆಗಾವ್ಯಾಟ್. ಕಣ್ಣು ಹಾಯುವಷ್ಟು ದೂರ ನೀಲಿ ಸಾಲುಗಳು. ನಾನು ಮೊದಲು ನೋಡಿದ್ದು ಎಲ್ಲ ಯಾವ ದಿಕ್ಕಿಗೆ ಮುಖ ಮಾಡಿವೆ ಎಂದು!

ಪಾವಗಡ ಬರಗಾಲದ ತಾಲ್ಲೂಕು. ಅಲ್ಲಿ ಸರ್ಕಾರ ರೈತರಿಂದ ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡಿತು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಜಮೀನು ರೈತರ ಹೆಸರಿನಲ್ಲೇ ಉಳಿಯುತ್ತದೆ. ಬೇರೆ ಕಡೆಯವರು ಬಂದು ನೋಡಿ ಕಲಿಯುವಂಥ ಸಂಗತಿ ಇದು. ಆದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಜಮೀನಿದ್ದವರಿಗೆ ಗುತ್ತಿಗೆ ಹಣ ಬಂತು. ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಅದು ಬರಲಿಲ್ಲ. ಒಂದು ಯೋಜನೆಯ ಬಗ್ಗೆ ಬೇರೆಯವರಿಗೆ ಹೇಳುವಾಗ ಮೆಗಾವ್ಯಾಟ್ ಮಾತ್ರ ಹೇಳಿ ಇದನ್ನು ಬಿಟ್ಟರೆ, ಅದೂ ಅರ್ಧ ಮಾಹಿತಿಯೇ.

ನೀವು ಊರಿಗೆ ಸಲಹೆ ಕೊಡುವ ಮುಂಚೆ

ಈಗ ನಿಮಗೆ ಒಂದಷ್ಟು ವಿಷಯ ಹೇಳಿ ಮುಗಿಸುತ್ತೇನೆ. ಊರಿನಲ್ಲಿ ಅಜ್ಜ ಅಜ್ಜಿ, ದೊಡ್ಡಪ್ಪ, ಮಾವ ಯಾರಾದರೂ ಸೋಲಾರ್ ಬಗ್ಗೆ ಕೇಳಿದರೆ ಇದನ್ನು ನೆನಪಿಡಿ.

ದಿಕ್ಕು: ಭಾರತದಲ್ಲಿ ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಉತ್ತರಕ್ಕೆ. ಎಲ್ಲರಿಗೂ ಹೊಂದುವ ಸೂತ್ರ, ‘ಭೂಮಧ್ಯರೇಖೆಯ ಕಡೆಗೆ’.

ಓರೆ: ಸಾಮಾನ್ಯವಾಗಿ ಊರಿನ ಅಕ್ಷಾಂಶದ ಹತ್ತಿರದ ಕೋನ. ಕರ್ನಾಟಕಕ್ಕೆ ಸುಮಾರು 12ರಿಂದ 18 ಡಿಗ್ರಿ. ಪೂರ್ತಿ ಚಪ್ಪಟೆ ಇಡಬೇಡಿ, ಧೂಳು ಮಳೆಯಲ್ಲಿ ಜಾರಿ ಹೋಗುವುದಿಲ್ಲ.

ನೆರಳು: ತೆಂಗಿನ ಗರಿ, ನೀರಿನ ಟ್ಯಾಂಕ್, ಪಕ್ಕದ ಮನೆ. ಒಂದು ಮೂಲೆಗೆ ನೆರಳು ಬಿದ್ದರೂ ಇಡೀ ಸಾಲಿನ ಕರೆಂಟು ಕುಗ್ಗಬಹುದು. ಡಿಸೆಂಬರಿನಲ್ಲಿ ನೆರಳು ಉದ್ದವಾಗಿರುತ್ತದೆ, ಆಗ ನೋಡುವುದು ಒಳ್ಳೆಯದು.

ಧೂಳು: ಬೆಳಿಗ್ಗೆ ಪ್ಯಾನೆಲ್ ತಣ್ಣಗಿರುವಾಗ ಬರೀ ನೀರಿನಲ್ಲಿ, ಮೆತ್ತಗಿನ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಸಹಾಯಧನ: ಭಾರತದಲ್ಲಿ ಮನೆಯ ಚಾವಣಿ ಮೇಲೆ ಗ್ರಿಡ್‌ಗೆ ಜೋಡಿಸುವ ಸೋಲಾರ್‌ಗೆ 2024ರಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಶುರುವಾಗಿದೆ. 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಎಂದು ಘೋಷಿಸಿದ್ದಾರೆ. ತಾತನ ತೋಟದ ಮನೆಯಂತೆ ಬ್ಯಾಟರಿ ಮಾತ್ರ ಇರುವ ಸಣ್ಣ ವ್ಯವಸ್ಥೆ ಇದಕ್ಕೆ ಸೇರುವುದಿಲ್ಲ.

ಲೆಕ್ಕ: ವಿಶ್ವಬ್ಯಾಂಕಿನ ‘ಗ್ಲೋಬಲ್ ಸೋಲಾರ್ ಅಟ್ಲಾಸ್’ ಎಂಬ ನಕ್ಷೆ ಅಂತರ್ಜಾಲದಲ್ಲಿ ಉಚಿತವಾಗಿದೆ. ಊರನ್ನು ಹುಡುಕಿ ಒತ್ತಿದರೆ ಅಲ್ಲಿನ ಬಿಸಿಲಿನ ಲೆಕ್ಕ, ಸರಿಯಾದ ಓರೆ ಎರಡನ್ನೂ ತೋರಿಸುತ್ತದೆ. ನಾನು ಆ ಭಾನುವಾರ ಎರಡು ನಿಮಿಷ ಇದನ್ನು ನೋಡಿದ್ದರೆ ಒಂದು ಬ್ಯಾಟರಿ ಉಳಿಯುತ್ತಿತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು, ಅಲ್ಲಿ ಕೆಲಸ ಮಾಡುವವರ ಮಾತು ಕೇಳಿ. ವೈರಿನ ಹುಡುಗನಿಗೆ ಸರಿ ಗೊತ್ತಿತ್ತು. ಅವನ ಮಾತಿಗಿಂತ ನನ್ನ ಮಾತಿಗೆ ಬೆಲೆ ಬಂದಿದ್ದು ನಾನು ವಿದೇಶದಲ್ಲಿ ಇದ್ದೇನೆ ಎಂಬ ಒಂದೇ ಕಾರಣಕ್ಕೆ. ನಾವು ಹೇಳಿದ್ದನ್ನು ಊರಿನವರು ನಂಬುತ್ತಾರೆ. ಹಾಗಾಗಿ ನಾವು ಹೆಚ್ಚು ಜಾಗ್ರತೆಯಾಗಿರಬೇಕು.

ಸೋಲಾರ್ ಬಗ್ಗೆ ಇಂಗ್ಲಿಷಿನಲ್ಲಿ ಬೇಕಾದಷ್ಟು ಇದೆ. ತಾತ ಓದುವುದು ಕನ್ನಡ. ಅದಕ್ಕೆ ಈ ವಿಷಯಗಳನ್ನೆಲ್ಲ ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ತಾತನಿಗೆ ಕಳಿಸಿದೆ. ‘ಅಕ್ಷಾಂಶ’ ಎಂದು ಬರೆದಿದ್ದೆ. “ಇದು ಯಾರಿಗೂ ಅರ್ಥ ಆಗಲ್ಲ. ಉಗಾದಿ ಹೊತ್ತಿಗೆ ಬಿಸಿಲು ಎಲ್ಲಿರುತ್ತೆ, ಸಂಕ್ರಾಂತಿ ಹೊತ್ತಿಗೆ ಎಲ್ಲಿರುತ್ತೆ ಅಂತ ಬರಿ” ಎಂದು ತಿದ್ದಿದರು. ಹಾಗೇ ಬರೆದೆ. ಈಗ ಆ ಪುಟ ಊರಿನ ವೆಲ್ಡಿಂಗ್ ಅಂಗಡಿಯ ಗೋಡೆಯ ಮೇಲಿದೆ. ತಾತ ಕಳಿಸಿದ ಫೋಟೋದಲ್ಲಿ ಕೆಳಗಡೆ ಅವರದೇ ಅಕ್ಷರದಲ್ಲಿ ಒಂದು ಸಾಲು ಸೇರಿದೆ: ‘ಆಸ್ಟ್ರೇಲಿಯಾದವರು ಹೇಳಿದರೂ ಒಂದು ಸಲ ನೆರಳು ನೋಡಿ.’

ಪುಟಾಣಿಗಳಿಗೆ ಒಂದು ಕೆಲಸ. ಈ ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಒಂದು ಕೋಲು ನೆಟ್ಟು, ಅದರ ನೆರಳು ಯಾವ ಕಡೆ, ಎಷ್ಟು ಉದ್ದ ಬೀಳುತ್ತದೆ ಎಂದು ಅಳೆಯಿರಿ. ಊರಿನಲ್ಲಿರುವ ನಿಮ್ಮ ಅಜ್ಜ ಅಜ್ಜಿಗೂ ಅಲ್ಲಿನ ಮಧ್ಯಾಹ್ನ ಅಳೆಯಲು ಹೇಳಿ. ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಮುಂದಿನ ವಾರ ಕ್ಲಾಸಿಗೆ ತನ್ನಿ. ನಾನು ಬಾಗಿಲ ಹತ್ತಿರದ ಬೆಂಚಿನಲ್ಲೇ ಕೂತಿರುತ್ತೇನೆ, ಒಟ್ಟಿಗೆ ನೋಡೋಣ.